ಸಿಗದ ಕಾಲೇಜನ್ನು ಮೇಲೆ ಹಾಕಿದರೆ, ಸಿಗೋದೂ ಕೈತಪ್ಪುತ್ತಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆ. ಮಗಳು ನೀಟ್ ಬರೆದಿದ್ದಾಳೆ. ಅವಳ ರ‍್ಯಾಂಕಿಗೆ ಬೆಂಗಳೂರು ಮೆಡಿಕಲ್ ಕಾಲೇಜು ಕಷ್ಟ, ಶಿವಮೊಗ್ಗದ ಸರ್ಕಾರಿ ಮೆಡಿಕಲ್ ಕಾಲೇಜು ಸಿಮ್ಸ್ ಸಿಗಬಹುದು ಅಂತಾರೆ. ಆಯ್ಕೆ ಪಟ್ಟಿಯಲ್ಲಿ ಬೆಂಗಳೂರನ್ನು ಮೊದಲು ಹಾಕಿದರೆ ಸಿಮ್ಸ್ ಬೇರೆಯವರ ಪಾಲಾಗುತ್ತಾ?

ಉತ್ತರ: ಇಲ್ಲ. ಖಂಡಿತ ಇಲ್ಲ.

ಪ್ರತಿ ವರ್ಷ ಅಡಿಕೆ ತೋಟಕ್ಕೆ ಕೊಳೆ ರೋಗದ ಔಷಧಿ ಹೊಡೆಯುವ ಹೊತ್ತಿಗೆ ಸರಿಯಾಗಿ ಈ ಪ್ರಶ್ನೆ ಬರುತ್ತದೆ. ರಾಜ್ಯದ ಸೀಟು ಹಂಚುವ ಪರೀಕ್ಷಾ ಪ್ರಾಧಿಕಾರದ, ಅಂದರೆ ಕೆಇಎಯ, ಕಂಪ್ಯೂಟರ್ ಮಾಡುವ ಕೆಲಸ ತುಂಬಾ ಸರಳ. ಅದು ರ‍್ಯಾಂಕ್ ಪ್ರಕಾರ ಒಬ್ಬೊಬ್ಬರನ್ನೇ ಕರೆಯುತ್ತದೆ. ನಿಮ್ಮ ಮಗಳ ಸರದಿ ಬಂದಾಗ ಅವಳ ಪಟ್ಟಿಯನ್ನು ಮೇಲಿನಿಂದ ಓದುತ್ತದೆ. ಬೆಂಗಳೂರು ಖಾಲಿ ಇಲ್ವಾ, ಮುಂದಿನದು. ಅದೂ ಇಲ್ವಾ, ಅದರ ಮುಂದಿನದು. ಅವಳ ಕೆಟಗರಿಗೆ (ಮೀಸಲಾತಿ ವರ್ಗಕ್ಕೆ) ಎಲ್ಲಿ ಸೀಟು ಉಳಿದಿದೆಯೋ ಅಲ್ಲಿ ನಿಲ್ಲುತ್ತದೆ. ಅವಳ ಹಿಂದಿರುವ ಹುಡುಗ ಸಿಮ್ಸನ್ನೇ ಮೊದಲ ಆಯ್ಕೆ ಮಾಡಿಕೊಂಡಿರಲಿ, ಅವಳು ಅದನ್ನು ಇಪ್ಪತ್ತನೆಯದಾಗಿ ಹಾಕಿರಲಿ, ಇಬ್ಬರದೂ ಒಂದೇ ಕೆಟಗರಿ ಆದರೆ ಅವಳನ್ನು ದಾಟಿ ಆ ಹುಡುಗನಿಗೆ ಸೀಟು ಹೋಗಲಾರದು.

ನಿಜವಾದ ನಷ್ಟ ಆಗುವುದು ಉಲ್ಟಾ ಮಾಡಿದಾಗ. ಇದನ್ನು ನಾನು ಒಬ್ಬ ಹುಡುಗನ ಖರ್ಚಿನಲ್ಲಿ ಕಲಿತೆ ಅನ್ನಬೇಕು. ಪಿಯು ಮಕ್ಕಳಿಗೆ ಪಾಠ ಹೇಳಲು ಶುರು ಮಾಡಿದ ಹೊಸತು, 'ಗ್ಯಾರಂಟಿ ಸಿಗೋದನ್ನು ಮೊದಲು ಹಾಕಿಬಿಡು' ಅಂತ ದೊಡ್ಡ ಅನುಭವಸ್ಥನ ಹಾಗೆ ಹೇಳಿದೆ. ಸಿಕ್ಕಿತು. ಒಂದು ಸೀಟು ಸಿಕ್ಕ ಮೇಲೆ ಪಟ್ಟಿಯಲ್ಲಿ ಅದರ ಕೆಳಗಿರುವುದೆಲ್ಲ ರದ್ದಾಗುತ್ತದೆ, ಮೇಲಿನದಕ್ಕೆ ಮಾತ್ರ ಮುಂದಿನ ಸುತ್ತಿನಲ್ಲಿ ಅವಕಾಶ. ಅವನ ಪಟ್ಟಿಯಲ್ಲಿ ಮೇಲೆ ಏನಿತ್ತು? ಏನೂ ಇರಲಿಲ್ಲ. ಅವನಿಗೆ ಮನಸ್ಸಿದ್ದ ಕಾಲೇಜು ಅವನಿಗಿಂತ ಹಿಂದಿನ ರ‍್ಯಾಂಕಿನವರಿಗೆ ಸಿಕ್ಕಿದ್ದನ್ನು ನೋಡಿ ಒಂದು ವಾರ ನನ್ನ ಫೋನ್ ಎತ್ತಲಿಲ್ಲ.

ಹಾಗಾಗಿ ಪಟ್ಟಿಯನ್ನು ಆಸೆಯ ಪ್ರಕಾರ ಬರೆಯಿರಿ, ಸಿಗುವ ಲೆಕ್ಕದ ಪ್ರಕಾರ ಅಲ್ಲ. ಹಳೆಯ ಕಟ್‌ಆಫ್, ಅಂದರೆ ಹಿಂದಿನ ವರ್ಷ ಕೊನೆಯದಾಗಿ ಸೀಟು ಸಿಕ್ಕಿದ್ದು ಯಾರಿಗೆ ಅನ್ನುವ ಲೆಕ್ಕ, ಬೇಕಾಗುವುದು ಪಟ್ಟಿ ಎಷ್ಟು ಕೆಳಗಿನವರೆಗೆ ಹೋಗಬೇಕು ಅಂತ ತಿಳಿಯಲು. ಅದನ್ನೂ ಅಂಕದಲ್ಲಿ ನೋಡಬೇಡಿ. 2024ರಲ್ಲಿ 720ಕ್ಕೆ 720 ತೆಗೆದವರೇ ಹಲವರಿದ್ದರು, 2025ರಲ್ಲಿ ದೇಶಕ್ಕೇ ಮೊದಲು ಬಂದವರ ಅಂಕ 686. ರ‍್ಯಾಂಕ್ ನೋಡಿ, ಕೊನೆಯ ಸುತ್ತಿನದು ನೋಡಿ, ನಿಮ್ಮದೇ ಕೆಟಗರಿಯ ಕಾಲಂ ನೋಡಿ. ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ, ಕನ್ನಡ ಮಾಧ್ಯಮ ಆಗಿದ್ದರೆ ಅದಕ್ಕೊಂದು ಮೀಸಲಾತಿ ಇದೆ. ಮಲೆನಾಡಿನ ಎಷ್ಟೋ ಮಕ್ಕಳಿಗೆ ಇದು ಅನ್ವಯಿಸುತ್ತದೆ, ಆದರೆ ಮನೆಯವರು ಜನರಲ್ ಕಾಲಂ ನೋಡಿ ಸುಮ್ನೆ ಹೆದರಿಕೊಂಡಿರುತ್ತಾರೆ. ಇನ್ನೊಂದು ಕಡೆ, ರಾಯಚೂರು, ಕಲಬುರಗಿ, ಬೀದರ್, ಬಳ್ಳಾರಿ, ಕೊಪ್ಪಳದ ಸರ್ಕಾರಿ ಕಾಲೇಜುಗಳಲ್ಲಿ ಸಂವಿಧಾನದ 371(ಜೆ) ವಿಧಿ ಪ್ರಕಾರ ಶೇ. 70 ಸೀಟು ಆ ಭಾಗದವರಿಗೇ ಮೀಸಲು. ನಮಗೆ ಉಳಿಯುವುದು ಕಡಿಮೆ.

ಈಗ ಆಸೆ ಅಂದರೆ ಯಾವುದು? ಇಲ್ಲೇ ಜನ ಎಡವುವುದು. ಕಟ್ಟಡ, ಗಾಜಿನ ಬಾಗಿಲು, ಕ್ಯಾಂಟೀನ್ ನೋಡಿ ಮರುಳಾಗುತ್ತಾರೆ. ನಾನು ನೋಡುವುದು ಒಂದೇ, ಆ ಆಸ್ಪತ್ರೆಗೆ ರೋಗಿಗಳು ಬರುತ್ತಾರಾ? ಬೆಳಿಗ್ಗೆ ಒಂಬತ್ತಕ್ಕೆ ಸಿಮ್ಸ್ ಜೊತೆಗಿರುವ ಮೆಗ್ಗಾನ್ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಅರ್ಧ ಗಂಟೆ ನಿಂತು ನೋಡಿ. ಸಾಗರ, ಸೊರಬ, ಶಿಕಾರಿಪುರ, ಹೊಸನಗರದ ಬಸ್ಸು ಇಳಿದವರೆಲ್ಲ ಅಲ್ಲಿರುತ್ತಾರೆ. ಅಡಿಕೆ ಮರದಿಂದ ಬಿದ್ದವರು, ಹಾವು ಕಚ್ಚಿದವರು, ಬೇಸಿಗೆ ಬಂತೆಂದರೆ ಮಂಗನ ಕಾಯಿಲೆ ಇರಬಹುದಾ ಅಂತ ಜ್ವರ ಹೊತ್ತು ಬಂದವರು. ಆ ಕಾಯಿಲೆ ಮೊದಲು ಗೊತ್ತಾದದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಸಿಮ್ಸ್ ಮಕ್ಕಳು ಕಲಿಯುವುದು ಈ ಜನರ ಪಕ್ಕ ನಿಂತು. ಇದೇ ಕಾರಣಕ್ಕೆ ವಿಕ್ಟೋರಿಯಾ ಆಸ್ಪತ್ರೆಯ ಬಲ ಇರುವ ಬೆಂಗಳೂರು, 1924ರಲ್ಲಿ ಶುರುವಾಗಿ ಕೆ.ಆರ್. ಆಸ್ಪತ್ರೆ ಜೊತೆಗಿರುವ ಮೈಸೂರು, ಹುಬ್ಬಳ್ಳಿ, ಇವು ಮೇಲಿರಲಿ ಅನ್ನುತ್ತೇನೆ. ಹಾಸನವನ್ನು ಸಿಮ್ಸ್ ಆಸುಪಾಸು ಇಡಬಹುದು. ಈಚೆಗೆ ಶುರುವಾದ ಚಿಕ್ಕಮಗಳೂರು ಬೇಡ ಅನ್ನುವುದಿಲ್ಲ, ಆದರೆ ಹೊಸ ಕಾಲೇಜಿನಲ್ಲಿ ಪಿಜಿ (ಎಂಬಿಬಿಎಸ್ ನಂತರದ ಓದು) ಮಾಡುವ ಸೀನಿಯರ್‌ಗಳು ಕಡಿಮೆ. ರಾತ್ರಿ ವಾರ್ಡಿನಲ್ಲಿ ಹೇಳಿಕೊಡುವವರು ಅವರೇ ಅಲ್ವಾ?

ಮನೆಗೆ ಹತ್ತಿರ ಅನ್ನುವುದೂ ಕಾರಣವೇ, ನಗಬೇಡಿ. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಮೊದಲ ವರ್ಷ ಅನಾಟಮಿ ತಲೆಗೆ ಹತ್ತದೆ ಅಳು ಬಂದಾಗ ಶನಿವಾರ ಮಧ್ಯಾಹ್ನ ತೀರ್ಥಹಳ್ಳಿ ಬಸ್ಸು ಹತ್ತುವ ಸುಖ ಬೇರೆ. ಆದರೆ ಇದನ್ನು ಮಗಳು ಹೇಳಬೇಕು. ಅಮ್ಮ ಅಪ್ಪ ಹೇಳಬಾರದು.

ದುಡ್ಡಿನ ವಿಷಯ. ಒಂದೇ ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಪಾಲಿನ ಸೀಟು ಇರುತ್ತದೆ, ಖಾಸಗಿ ಸೀಟು ಇರುತ್ತದೆ, ಎನ್‌ಆರ್‌ಐ ಸೀಟೂ ಇರುತ್ತದೆ. ಮೊದಲನೆಯದು ವರ್ಷಕ್ಕೆ ಲಕ್ಷ ಚಿಲ್ಲರೆಯಲ್ಲಿ ಮುಗಿದರೆ, ಎರಡನೆಯದು ಹತ್ತು ಲಕ್ಷ ದಾಟುತ್ತದೆ. ಹೆಸರು ಮಾತ್ರ ನೋಡಿ ಹಾಕಬೇಡಿ, ಎದುರಿನ ಫೀ ಓದಿ. ಕಟ್ಟಲಾಗದ್ದನ್ನು ಪಟ್ಟಿಗೆ ಸೇರಿಸಲೇಬೇಡಿ. 'ಸಿಕ್ಕಾಗ ನೋಡೋಣ' ಅಂದವರು ತೋಟ ಅಡ ಇಟ್ಟದ್ದನ್ನು ನೋಡಿದ್ದೇನೆ.

ಮಣಿಪಾಲದಂಥ ಡೀಮ್ಡ್ (ವಿಶ್ವವಿದ್ಯಾಲಯದ ಮಾನ್ಯತೆ ಇರುವ) ಕಾಲೇಜುಗಳು ಕೆಇಎ ಪಟ್ಟಿಯಲ್ಲಿ ಬರುವುದಿಲ್ಲ. ಅವಕ್ಕೂ, ಸರ್ಕಾರಿ ಕಾಲೇಜುಗಳ ಶೇ. 15 ಅಖಿಲ ಭಾರತ ಸೀಟುಗಳಿಗೂ ದೆಹಲಿಯ ಎಂಸಿಸಿಯಲ್ಲಿ (ಕೇಂದ್ರದ ಮೆಡಿಕಲ್ ಸೀಟು ಹಂಚುವ ಸಮಿತಿಯಲ್ಲಿ) ಬೇರೆಯಾಗಿ ನೋಂದಾಯಿಸಬೇಕು.

ಕೊನೆಗೆ, ಅಣಕು ಹಂಚಿಕೆ (ನಿಜವಾದ ಹಂಚಿಕೆಗೆ ಮೊದಲು ತೋರಿಸುವ ಮಾದರಿ) ಬಂದ ದಿನ ಗಾಬರಿಯಾಗಬೇಡಿ, ಅದು ಸೀಟಲ್ಲ. ಅದನ್ನು ನೋಡಿ ಪಟ್ಟಿ ತಿದ್ದಲು ಸಮಯ ಕೊಡುತ್ತಾರೆ. ಎರಡನೇ ಸುತ್ತಿಗೆ ಹೋಗುವ ಮೊದಲು ಮೇಲೆ ಉಳಿದ ಆಯ್ಕೆಗಳನ್ನು ಮತ್ತೆ ಓದಿ, ಏಕೆಂದರೆ ಅವುಗಳಲ್ಲಿ ಒಂದು ಸಿಕ್ಕಿತೋ, ಕೈಯಲ್ಲಿದ್ದ ಸೀಟು ತಾನಾಗಿ ಹೋಗುತ್ತದೆ. ಪಾಸ್‌ವರ್ಡ್ ಸೈಬರ್ ಸೆಂಟರಿನವರ ಹತ್ತಿರ ಬಿಡಬೇಡಿ. ಮತ್ತೆ ಈ ಮಳೆಯಲ್ಲಿ ಕರೆಂಟು, ಟವರು ಎರಡೂ ಕೈಕೊಡುತ್ತವೆ, ಕೊನೆಯ ದಿನದ ಸಂಜೆಗೆ ಇಟ್ಟುಕೊಳ್ಳದೆ ಪೇಟೆಗೆ ಬಂದವರು ಅಲ್ಲೇ ಕೂತು ಮುಗಿಸಿ ಹೋಗಿ.