ಅನ್ನಕ್ಕೆ ಜನ ಇದ್ದಾರೆ, ಆಯಾಳ ಸಂಬಳಕ್ಕೆ ಇಲ್ಲ

ಪ್ರತಿ ವರ್ಷ ಮಳೆಗಾಲದಲ್ಲಿ ಒಂದೆರಡು ವೃದ್ಧಾಶ್ರಮ, ಮಕ್ಕಳ ಆಶ್ರಮಗಳ ಲೆಕ್ಕದ ಪುಸ್ತಕಗಳು ನನ್ನ ಟೇಬಲ್ ಮೇಲೆ ಬಂದು ಕೂರುತ್ತವೆ. ಹಾಸನದ ಆಡಿಟರ್ ಆಫೀಸ್ ಅಂದರೆ ಆಲೂಗಡ್ಡೆ ಮಂಡಿ, ಸಕಲೇಶಪುರದ ಕಾಫಿ ತೋಟ, ಮದುವೆ ಛತ್ರ. ಇವುಗಳ ನಡುವೆ ಆಶ್ರಮದ ಕಟ್ಟು ಬೇರೆಯೇ. ಲಾಭದ ಸುದ್ದಿ ಇಲ್ಲ, ಮೆಡಿಕಲ್ ಶಾಪಿನ ಬಿಲ್ಲೇ ಜಾಸ್ತಿ.

ಅಂಥ ಒಂದು ಮನೆಯಲ್ಲಿ ವಯಸ್ಸಾದವರೂ ಇದ್ದಾರೆ, ದಿಕ್ಕಿಲ್ಲದ ಮಕ್ಕಳೂ ಇದ್ದಾರೆ, ಬೇರೆ ಬೇರೆ ಕಟ್ಟಡಗಳಲ್ಲಿ. ಅಲ್ಲಿನ ಮೇಲ್ವಿಚಾರಕಿ ಒಮ್ಮೆ ಹೇಳಿದರು: "ಆಡಿಟ್ರೇ, ಅನ್ನ ಹಾಕೋರು ಬೇಕಾದಷ್ಟು ಜನ ಸಿಗ್ತಾರೆ. ಅದನ್ನ ತಿನ್ಸೋ ಆಯಾಗೆ ಸಂಬಳ ಕೊಡೋರು ಒಬ್ರೂ ಇಲ್ಲ."

ಅವರ ಪುಸ್ತಕವೂ ಅದನ್ನೇ ಹೇಳುತ್ತಿತ್ತು. ಊಟದ ದಾನ ಬರೆದುಕೊಳ್ಳುವ ಡೈರಿಯಲ್ಲಿ ಭಾನುವಾರಗಳೆಲ್ಲ ಮೊದಲೇ ಭರ್ತಿ. ಪಿತೃಪಕ್ಷ ಬಂದರೆ ಒಂದೇ ದಿನಕ್ಕೆ ಎರಡು ಮೂರು ಮನೆಯವರು. ವಾರದ ನಡುವಿನ ದಿನಗಳು ಖಾಲಿ. ಇನ್ನು ಅಡುಗೆ ತರುವವರು ಸಿಹಿ ಬಿಡುವುದಿಲ್ಲ. ಶುಗರ್ ಇರುವ ಅಜ್ಜಂದಿರ ಮುಂದೆ ಜಾಮೂನು ಬಟ್ಟಲು ಇಡುತ್ತಾರೆ. ಬೇಡ ಅಂದರೆ ದಾನಿಗಳಿಗೆ ಬೇಜಾರು, ಬೇಕು ಅಂದರೆ ಮರುದಿನ ಡಾಕ್ಟರ ಬೈಗುಳ.

ನಾನೇನೂ ಸಾಚಾ ಅಲ್ಲ. ಮಗಳ ಐದನೇ ಹುಟ್ಟುಹಬ್ಬಕ್ಕೆ ಕೇಕು ಹಿಡಿದುಕೊಂಡು ಒಂದು ಮಕ್ಕಳ ಮನೆಗೆ ಹೋಗಿದ್ದೆ. ಆ ದಿನ ಅಲ್ಲಿಗೆ ಬಂದ ಮೂರನೇ ಕೇಕು ನಮ್ಮದು. ಮಕ್ಕಳು ಶಿಸ್ತಾಗಿ ನಿಂತು ಹ್ಯಾಪಿ ಬರ್ತ್‌ಡೇ ಹಾಡಿದರು. ಅಭ್ಯಾಸ ಆಗಿಹೋಗಿತ್ತು ಅವರಿಗೆ. ನಾನು ಫೋಟೋ ತೆಗೆದು ಸ್ಟೇಟಸ್‌ಗೂ ಹಾಕಿದೆ. ಅದು ತಪ್ಪು ಅಂತ ಆಮೇಲೆ ತಿಳಿಯಿತು, ಬರೀ ಸಭ್ಯತೆಯ ತಪ್ಪಲ್ಲ. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ರಕ್ಷಣೆಯಲ್ಲಿರುವ ಮಗುವಿನ ಫೋಟೋ, ಹೆಸರು, ಶಾಲೆ ಯಾವುದನ್ನೂ ಹೊರಗೆ ಬಿಡುವಂತಿಲ್ಲ. 6 ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ಆ ಮಗುವನ್ನು ಹುಡುಕಿಕೊಂಡು ಯಾರು ಬರಬಹುದು ಅಂತ ನಮಗೇನು ಗೊತ್ತು? ಕೆಲವು ಮಕ್ಕಳು ಅಲ್ಲಿರುವುದೇ ಯಾರದೋ ಕಣ್ಣು ತಪ್ಪಿಸಿ.

ಆಯಾಳ ಸಂಬಳದ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಹೆಚ್ಚಿನ ದಾನಿಗಳಿಗೆ ಈ ಗಣಿತ ಹೊಳೆಯುವುದಿಲ್ಲ. ಹಾಸಿಗೆ ಹಿಡಿದವರ ಕೋಣೆಯಲ್ಲಿ ಹಗಲೂ ರಾತ್ರಿ ಒಬ್ಬರು ಇರಲೇಬೇಕು ಅಂದುಕೊಳ್ಳಿ. ವಾರಕ್ಕೆ 168 ಗಂಟೆ. ಒಬ್ಬ ಕೆಲಸಗಾರ್ತಿ ವಾರಕ್ಕೆ ಮಾಡುವುದು 48 ಗಂಟೆ. ಭಾಗಿಸಿದರೆ ಮೂರೂವರೆ. ರಜೆ, ಜ್ವರ, ಊರ ಹಬ್ಬ ಎಲ್ಲ ಸೇರಿಸಿದರೆ ಒಂದು ಕೋಣೆಗೆ ನಾಲ್ಕು ಜನ. ಆ ನಾಲ್ಕು ಸಂಬಳ ಇಲ್ಲದ ಕಡೆ ಒಬ್ಬಳೇ ಹೆಂಗಸು ಹಗಲು ಅಡುಗೆ ಮಾಡಿ ರಾತ್ರಿ ಪಾಳಿಗೂ ಕೂರುತ್ತಾಳೆ. ಬೆಳಗಿನ ಜಾವ ಅವಳಿಗೆ ತೂಕಡಿಕೆ ಬರುವ ಹೊತ್ತಿಗೇ ಯಾರಾದರೂ ಅಜ್ಜಿ ಬಾತ್‌ರೂಮಿಗೆ ಅಂತ ಎದ್ದು ಬೀಳುವುದು. ಸೊಂಟದ ಮೂಳೆ ಮುರಿದರೆ ಆಪರೇಷನ್ನಿನ ಬಿಲ್ ನನ್ನ ಟೇಬಲ್ ಮೇಲೆ ಬರುತ್ತದೆ. ಆ ಬಿಲ್ಲಿಗೆ ದಾನಿಗಳು ಸಿಗುತ್ತಾರೆ, ಅದೇ ವಿಚಿತ್ರ. ಬೀಳದಂತೆ ನೋಡಿಕೊಳ್ಳುವ ಸಂಬಳಕ್ಕೆ ಸಿಗುವುದಿಲ್ಲ.

ದುಡ್ಡು ಬರುವ ಕಾಲವೂ ಒಂದು ಕಥೆ. ನಮ್ಮ ಕಡೆ ಕಾಫಿ ಕೊಯ್ಲು ಮುಗಿದು ಕೈಗೆ ಕಾಸು ಬರುವುದು ಜನವರಿಯಿಂದ ಮಾರ್ಚ್. ತೆರಿಗೆ ಉಳಿಸುವವರು ನೆನಪು ಮಾಡಿಕೊಳ್ಳುವುದೂ ಮಾರ್ಚ್ ಕೊನೆಯ ವಾರದಲ್ಲೇ. ಆಶ್ರಮಕ್ಕೆ ಕಷ್ಟ ಬರುವುದು ಜೂನ್‌ನಿಂದ ಆಗಸ್ಟ್. ಸ್ಕೂಲ್ ಫೀಸು, ಪುಸ್ತಕ, ಮಳೆ. ಮಲೆನಾಡ ಮಳೆಯಲ್ಲಿ ಹಾಸಿಗೆ ಬಟ್ಟೆ ವಾರವಾದರೂ ಒಣಗುವುದಿಲ್ಲ. ಅಂದಾಗ ಒಂದಕ್ಕೆ ಮೂರು ಜೊತೆ ಬೇಕು, ಇಲ್ಲವೇ ಡ್ರೈಯರ್, ಅದರ ಹಿಂದೆಯೇ ಕರೆಂಟ್ ಬಿಲ್. ಮಾರ್ಚಿನ ದುಡ್ಡು ಉಳಿಸಿಟ್ಟುಕೊಳ್ಳಲಿ ಅಂತೀರಾ? ತೆರಿಗೆ ವಿನಾಯಿತಿ ಬೇಕಾದರೆ ಟ್ರಸ್ಟು ಮಾರ್ಚ್ 31ಕ್ಕೆ ಮುಗಿಯುವ ಲೆಕ್ಕದ ವರ್ಷದ ಆದಾಯದಲ್ಲಿ ಶೇ 85ನ್ನು ಆ ವರ್ಷವೇ ಖರ್ಚು ಮಾಡಿ ತೋರಿಸಬೇಕು. ಮುಂದಕ್ಕೆ ಒಯ್ಯಲು ದಾರಿ ಇದೆ, ಆದರೆ ಅದಕ್ಕೆ ಸಮಯಕ್ಕೆ ಸರಿಯಾಗಿ ಅರ್ಜಿ ಹಾಕಬೇಕು. ಅಡುಗೆ, ಆಸ್ಪತ್ರೆ ಅಂತ ಓಡಾಡುವ ಜನಕ್ಕೆ ಅದು ಮರೆತುಹೋಗುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ 12,000 ಕೊಡುವುದಕ್ಕಿಂತ ತಿಂಗಳಿಗೆ 1,000 ಕೊಡಿ ಅಂತ ನನ್ನ ಕ್ಲೈಂಟುಗಳಿಗೆ ಹೇಳುತ್ತೇನೆ. ಮೊತ್ತ ಅದೇ. ಮೇಲ್ವಿಚಾರಕಿ ಮಾತ್ರ ಸಂಬಳ ಕೊಡುವ ಐದನೇ ತಾರೀಖು ಬಂತು ಅಂತ ಹೆದರುವುದು ತಪ್ಪುತ್ತದೆ.

ಇನ್ನು ತೆರಿಗೆ. ಎಲ್ಲರೂ ಕೇಳುವುದು ಇದನ್ನೇ, ಹೇಳಬೇಕಾದ್ದು ಸ್ವಲ್ಪವೇ. ದಾನ ಕೊಟ್ಟದ್ದಕ್ಕೆ ಸಿಗುವ, ನಾವು 80ಜಿ ಅಂತ ಕರೆಯುವ ತೆರಿಗೆ ರಿಯಾಯಿತಿ ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಇಲ್ಲ. ಹಳೆಯ ಪದ್ಧತಿಯಲ್ಲಿದ್ದರೂ 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ಸಿಗುವುದಿಲ್ಲ. ಅಕ್ಕಿ ಮೂಟೆ, ಕಂಬಳಿ, ಹಳೆ ಟಿವಿ ಕೊಟ್ಟದ್ದಕ್ಕೂ ಸಿಗುವುದಿಲ್ಲ. ರಸೀದಿ ಹರಿದುಕೊಟ್ಟರು ಅಷ್ಟೇ ಸಾಕು ಅನ್ನುವ ಕಾಲ ಹೋಯಿತು. ಟ್ರಸ್ಟು ನಿಮ್ಮ ಪ್ಯಾನ್ ನಂಬರಿನ ಜೊತೆ ಇಲಾಖೆಗೆ ವಿವರ ಸಲ್ಲಿಸಿ, ಅಲ್ಲಿಂದ ಬಂದ ಪ್ರಮಾಣಪತ್ರವನ್ನು ನಿಮಗೆ ಕೊಡಬೇಕು.

ಅಮೆರಿಕದಲ್ಲಿರುವ ಮಗ ಕಳಿಸುತ್ತಾನೆ ಅನ್ನುವವರು ಒಂದು ನಿಮಿಷ ನಿಲ್ಲಿ. ಅವನ ಪಾಸ್‌ಪೋರ್ಟ್ ಇನ್ನೂ ಭಾರತದ್ದೇ ಆಗಿದ್ದು, ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ತೊಂದರೆ ಇಲ್ಲ. ಅಲ್ಲಿನ ಪೌರನಾಗಿದ್ದರೆ ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ, ಅನುಮತಿ ಇರುವ ಸಂಸ್ಥೆ ಮಾತ್ರ ಅದನ್ನು ಮುಟ್ಟಬಹುದು, ಅದೂ ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆಲೂರಿನ ಟ್ರಸ್ಟಾದರೂ ಅಷ್ಟೇ.

ಕೊಡುವ ಮುಂಚೆ ಏನು ನೋಡಬೇಕು? ನಾನು ಮೊದಲು ಗೋಡೆ ನೋಡುತ್ತೇನೆ. ಮಕ್ಕಳಿದ್ದರೆ ಬಾಲನ್ಯಾಯ ಕಾಯ್ದೆಯ ನೋಂದಣಿ ಪತ್ರ ಇರಲೇಬೇಕು. ಅದಿಲ್ಲದೆ ಮಕ್ಕಳನ್ನು ಇಟ್ಟುಕೊಳ್ಳುವುದೇ ಅಪರಾಧ. ಮಗು ಸಿಕ್ಕ 24 ಗಂಟೆಯೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. "ನಾವೇ ನೋಡ್ಕೋತೀವಿ, ಸಮಿತಿ ಯಾಕೆ" ಅನ್ನುವ ಜಾಗಕ್ಕೆ ಒಂದು ಪೈಸೆ ಕೊಡಬೇಡಿ, ಎಷ್ಟೇ ಒಳ್ಳೆಯವರಾಗಿ ಕಂಡರೂ. ಆಮೇಲೆ ಸಂಬಳದ ಪುಸ್ತಕ ಕೇಳಿ. ತೋರಿಸಲು ಹಿಂಜರಿದರೆ ಒಂದು ಅರ್ಥ. ಆಡಳಿತ ವೆಚ್ಚ ಸೊನ್ನೆ, ನಿಮ್ಮ ದುಡ್ಡೆಲ್ಲ ಅನ್ನಕ್ಕೇ ಅಂತ ಹೆಮ್ಮೆಯಿಂದ ಹೇಳಿದರೆ ನನಗೆ ಇನ್ನೂ ಅನುಮಾನ. ಹಾಗಾದರೆ ರಾತ್ರಿ ಯಾರು ಎದ್ದಿರುತ್ತಾರೆ?

ಒಂದು ಮಾತು, ನಿರಾಶ್ರಿತರ ಬಗ್ಗೆ. ಮನೆ ಕಂದಾಯ ಕಟ್ಟುವ ನಾವೆಲ್ಲ ಈಗಾಗಲೇ ಸ್ವಲ್ಪ ದಾನಿಗಳೇ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಂತೆ ಆಸ್ತಿ ತೆರಿಗೆಯ ಮೇಲೆ ಶೇ 3 ಭಿಕ್ಷುಕರ ಕರ ಸೇರಿರುತ್ತದೆ. ಸರ್ಕಾರದ ನಿರಾಶ್ರಿತರ ಪರಿಹಾರ ಕೇಂದ್ರಗಳಿಗೆ ಅಂತಲೇ ಆ ದುಡ್ಡು. ರಸೀದಿ ತೆಗೆದು ನೋಡಿ. ದೇಶ ಬಿಟ್ಟು ಬಂದವರದು ಬೇರೆ ಕಥೆ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ಅವರಿಗಾಗಿಯೇ ಒಂದು ಕಾನೂನೂ ನಮ್ಮಲ್ಲಿಲ್ಲ. ಆದರೂ 1960ರ ದಶಕದ ಶುರುವಿನಿಂದ ಟಿಬೆಟನ್ನರು ನಮ್ಮಿಂದ ಎರಡು ಗಂಟೆಯ ದಾರಿಯ ಬೈಲುಕುಪ್ಪೆಯಲ್ಲಿ ಮುಸುಕಿನ ಜೋಳ ಬೆಳೆದು ಬದುಕಿದ್ದಾರೆ. ಅವರ ಕೈಯಲ್ಲಿ ನೋಂದಣಿ ಪತ್ರವಾದರೂ ಇದೆ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ, ತನ್ನ ಊರಿನ ಹೆಸರೇ ಮರೆತ ಅಜ್ಜನ ಬಳಿ ಅದೂ ಇರುವುದಿಲ್ಲ. ಆಧಾರ್ ಇಲ್ಲ, ಹಾಗಾಗಿ ಪಿಂಚಣಿ ಇಲ್ಲ. ಪುಸ್ತಕದಲ್ಲಿ ಅಂಥವರ ಹೆಸರಿನ ಮುಂದೆ ಆದಾಯದ ಕಾಲಂ ಖಾಲಿ. ಅವರ ಖರ್ಚು ಪೂರ್ತಿ ಊರಿನವರ ಮೇಲೆ.

ಹೋದ ವರ್ಷ ಮಗಳ ಹುಟ್ಟುಹಬ್ಬಕ್ಕೆ ಏನು ತರಲಿ ಅಂತ ಆ ಮೇಲ್ವಿಚಾರಕಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬೇಜಾರು ಮಾಡ್ಕೋಬೇಡಿ ಸಾರ್," ಅಂದರು. "ದೊಡ್ಡೋರ ಡೈಪರ್, ಎಲ್ ಸೈಜು. ಮತ್ತೆ ಭಾನುವಾರ ಬೇಡ, ಮಂಗಳವಾರ ಬನ್ನಿ. ಅವತ್ತು ಯಾರೂ ಬರಲ್ಲ."