ಕೆಲಸದಲ್ಲಿರುವಾಗಲೇ ಕ್ರಿಯಾವರ್ಧಕವನ್ನು ನೋಡುವ ಪ್ರಯತ್ನ: ಒಂದು ಹಿನ್ನೆಲೆ

ಮೆಥನಾಲ್ ತಯಾರಿಕೆಯಲ್ಲಿ ಬಳಸುವ ಕ್ರಿಯಾವರ್ಧಕದಲ್ಲಿ, ಅಂದರೆ ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತುವಿನಲ್ಲಿ, ಕೆಲವೇ ನ್ಯಾನೋಮೀಟರ್ ಅಗಲದ ತಾಮ್ರದ ಕಣಗಳು ಸತುವಿನ ಆಕ್ಸೈಡಿನ ಮೇಲೆ ಕುಳಿತಿರುತ್ತವೆ. 2002ರಲ್ಲಿ ಡೆನ್ಮಾರ್ಕಿನ ಹಾಲ್ಡರ್ ಟಾಪ್ಸೋ ಸಂಸ್ಥೆಯ ಸಂಶೋಧಕರು ಈ ಕಣಗಳನ್ನು ಸುಮಾರು 220 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಅನಿಲದ ನಡುವೆ ಇರಿಸಿಯೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಬರಿಯ ಜಲಜನಕದಲ್ಲಿ ಕಣಕ್ಕೆ ಹರಳಿನಂತೆ ಸ್ಪಷ್ಟವಾದ, ಸಮತಟ್ಟಾದ ಮುಖಗಳಿದ್ದವು. ನೀರಾವಿ ಬೆರೆತಾಗ ಅದು ಗುಂಡಗಾಯಿತು. ಕಾರ್ಬನ್ ಮಾನಾಕ್ಸೈಡ್ ಬೆರೆತಾಗ ತನ್ನ ಕೆಳಗಿನ ಆಕ್ಸೈಡಿಗೆ ಅಂಟಿಕೊಂಡು ಚಪ್ಪಟೆಯಾಯಿತು. ಅನಿಲವನ್ನು ಮೊದಲಿನಂತೆ ಮಾಡಿದರೆ ಆಕಾರವೂ ಮರಳುತ್ತಿತ್ತು. ಕ್ರಿಯೆ ನಡೆಯುವುದು ಕಣದ ಮೇಲ್ಮೈಯಲ್ಲಿ. ಆ ಮೇಲ್ಮೈಯೇ ಸುತ್ತಲಿನ ಅನಿಲಕ್ಕೆ ತಕ್ಕಂತೆ ಬದಲಾಗುವುದಾದರೆ, ನಿರ್ವಾತದಲ್ಲಿ ತೆಗೆದ ಚಿತ್ರವೊಂದನ್ನೇ ನಂಬಿ ಅದರ ಗುಣವನ್ನು ವಿವರಿಸುವುದು ಎಷ್ಟು ಸರಿ?

ಅಡಚಣೆ ಉಪಕರಣದ ಹುಟ್ಟಿನಲ್ಲೇ ಇತ್ತು. 1931ರಲ್ಲಿ ಬರ್ಲಿನ್‌ನಲ್ಲಿ ಎರ್ನ್ಸ್ಟ್ ರುಸ್ಕಾ ಮತ್ತು ಮ್ಯಾಕ್ಸ್ ನಾಲ್ ರೂಪಿಸಿದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ನಿರ್ವಾತ ಬೇಕೇ ಬೇಕು, ಏಕೆಂದರೆ ಅನಿಲದ ಅಣುಗಳಿಗೆ ಬಡಿದ ಎಲೆಕ್ಟ್ರಾನ್‌ಗಳು ಚದುರಿ ಚಿತ್ರ ಮಸುಕಾಗುತ್ತದೆ. ಅಮೋನಿಯಾ ತಯಾರಿಕೆಯಂಥ ಕ್ರಿಯೆಗಳಾದರೋ ನೂರು ಬಾರ್‌ಗೂ ಮೀರಿದ ಒತ್ತಡದಲ್ಲಿ ನಡೆಯುತ್ತವೆ. ಈ ಅಂತರವನ್ನು ಕಿರಿದುಗೊಳಿಸಲು ಎರಡು ದಾರಿಗಳು ತೆರೆದವು. ಮೊದಲನೆಯದರಲ್ಲಿ ಮಾದರಿಯ ಮೇಲೂ ಕೆಳಗೂ ಸೂಕ್ಷ್ಮ ರಂಧ್ರಗಳನ್ನಿಟ್ಟು, ಅವುಗಳ ಮೂಲಕ ಸೋರುವ ಅನಿಲವನ್ನು ಪಂಪುಗಳು ಹಂತಹಂತವಾಗಿ ಹೀರಿಬಿಡುತ್ತವೆ; ಎರಡನೆಯದರಲ್ಲಿ ಅನಿಲವನ್ನು ಎರಡು ತೆಳುಪೊರೆಗಳ ನಡುವೆ ಮುಚ್ಚಿಡಲಾಗುತ್ತದೆ.

1970ರ ದಶಕದಲ್ಲಿ ಆರ್. ಟಿ. ಕೆ. ಬೇಕರ್ ಮತ್ತು ಸಂಗಡಿಗರು ಅಸಿಟಿಲೀನ್‌ನಲ್ಲಿ ಬಿಸಿಯಾದ ನಿಕಲ್ ಕಣಗಳಿಂದ ಇಂಗಾಲದ ಎಳೆಗಳು ಬೆಳೆಯುವುದನ್ನು ಕಣ್ಣಾರೆ ಕಂಡರು. ನಿಕಲ್ ಕಣ ಎಳೆಯ ತುದಿಯಲ್ಲಿ ಕುಳಿತು ಮುಂದೆ ಸಾಗುತ್ತಿತ್ತು. ಎಳೆ ಬೆಳೆಯುವ ವೇಗ ಉಷ್ಣಾಂಶದೊಂದಿಗೆ ಬದಲಾಗುವ ಬಗೆಯನ್ನು ಅಳೆದು, ಇಂಗಾಲ ನಿಕಲ್‌ನೊಳಗೆ ಹಾದುಹೋಗುವ ಹಂತವೇ ಇಡೀ ಬೆಳವಣಿಗೆಯ ವೇಗವನ್ನು ನಿರ್ಧರಿಸುತ್ತದೆ ಎಂದು ಅವರು ವಾದಿಸಿದರು. ಕ್ರಿಯಾವರ್ಧಕಗಳನ್ನು ಕೆಡಿಸುವ ಇಂಗಾಲದ ಶೇಖರಣೆಗೆ ಹೀಗೆ ಒಂದು ಪ್ರತ್ಯಕ್ಷ ವಿವರಣೆ ಸಿಕ್ಕಿತು. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ನಿಜವಾದ ಆರಂಭ ಇದೇ. 1990ರ ದಶಕದಲ್ಲಿ ಪ್ರತಿಭಾ ಗಾಯ್ ಮತ್ತು ಎಡ್ವರ್ಡ್ ಬಾಯ್ಸ್ ರಂಧ್ರ-ಪಂಪುಗಳ ವಿಧಾನವನ್ನು ಪರಮಾಣು ಮಟ್ಟದ ಸ್ಪಷ್ಟತೆಗೆ ತಂದರು. ಆದರೂ ಈ ವಿಧಾನದಲ್ಲಿ ಒತ್ತಡ ಕೆಲವು ಹತ್ತು ಮಿಲಿಬಾರ್‌ಗಳನ್ನು ದಾಟುವುದು ಕಷ್ಟ. ವಾತಾವರಣದ ಒತ್ತಡವೋ ಸುಮಾರು 1000 ಮಿಲಿಬಾರ್.

ಆ ಮಿತಿಯನ್ನು ದಾಟಿಸಿದ್ದು, ಎರಡನೆಯ ದಾರಿಯಲ್ಲಿ ಬಂದ ಸಿಲಿಕಾನ್ ಚಿಪ್. 2008ರಲ್ಲಿ ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನ ಸಂಶೋಧಕರು ತಮ್ಮ ಸಹಯೋಗಿಗಳೊಂದಿಗೆ, ಸಿಲಿಕಾನ್ ನೈಟ್ರೈಡ್‌ನ ಅತಿ ತೆಳುವಾದ ಕಿಟಕಿಗಳಿರುವ ಪುಟ್ಟ ಕ್ರಿಯಾಕೋಶದಲ್ಲಿ ವಾತಾವರಣದಷ್ಟು ಒತ್ತಡದಲ್ಲೇ ಪರಮಾಣು ಮಟ್ಟದ ಚಿತ್ರಗಳನ್ನು ಪಡೆದರು. 2014ರಲ್ಲಿ ಇಂಥದೇ ಕೋಶದೊಳಗೆ ಪ್ಲಾಟಿನಂ ಕಣಗಳು, ಕಾರ್ಬನ್ ಮಾನಾಕ್ಸೈಡ್ ಉರಿಯುವ ವೇಗ ಏರಿಳಿದಂತೆಲ್ಲ, ಗುಂಡಗಿನ ಆಕಾರಕ್ಕೂ ಮುಖಗಳುಳ್ಳ ಆಕಾರಕ್ಕೂ ಲಯಬದ್ಧವಾಗಿ ಬದಲಾಗುವುದು ಕಂಡಿತು. ಹೊರಬರುವ ಅನಿಲವನ್ನೂ ಅದೇ ಹೊತ್ತಿನಲ್ಲಿ ಅಳೆದದ್ದರಿಂದಲೇ ಆಕಾರಕ್ಕೂ ಕೆಲಸಕ್ಕೂ ಇರುವ ನಂಟನ್ನು ತೋರಿಸಲು ಸಾಧ್ಯವಾಯಿತು. ನೋಟ ಮತ್ತು ಅಳತೆ ಹೀಗೆ ಜೊತೆಗೂಡುವ ಅಧ್ಯಯನಕ್ಕೆ ‘ಆಪರಾಂಡೊ’ ಎಂಬ ಹೆಸರಿದೆ.

ಉಳಿದಿರುವ ದೊಡ್ಡ ತೊಡಕು ಎಲೆಕ್ಟ್ರಾನ್ ಕಿರಣವೇ. ಅದು ಅನಿಲದ ಅಣುಗಳನ್ನು ಒಡೆಯಬಲ್ಲದು, ಕಣದ ಪರಮಾಣುಗಳನ್ನು ಕದಲಿಸಬಲ್ಲದು. ಹಾಗಾಗಿ ಕಂಡ ಬದಲಾವಣೆ ಕ್ರಿಯೆಯಿಂದಾದದ್ದೋ ಕಿರಣದಿಂದಾದದ್ದೋ ಎಂಬ ಸಂಶಯಕ್ಕೆ ಪ್ರತಿ ಪ್ರಯೋಗವೂ ಉತ್ತರಿಸಬೇಕಾಗುತ್ತದೆ. ಅದಕ್ಕಾಗಿಯೇ ಸಂಶೋಧಕರು ಕಿರಣದ ತೀವ್ರತೆಯನ್ನು ಬದಲಿಸಿ ಪ್ರಯೋಗವನ್ನು ಮತ್ತೆ ಮಾಡುತ್ತಾರೆ, ಮತ್ತು ಕಿರಣವನ್ನು ತಡೆದಿಟ್ಟು ಕ್ರಿಯೆಯನ್ನು ನಡೆಯಗೊಟ್ಟು, ಕೊನೆಯಲ್ಲಿ ಅದುವರೆಗೆ ಕಿರಣವೇ ಬೀಳದ ಜಾಗದ ಕಣಗಳನ್ನು ನೋಡಿ ಹೋಲಿಸುತ್ತಾರೆ.