ಆ ಅಮ್ಮನ ಫೋನ್ ಸ್ವಿಚ್ ಆಫ್ ಆಗಿದ್ದು ಯಾಕೆ

ಮಗಳು ಕಾಣೆಯಾದ ಹನ್ನೊಂದನೇ ದಿನ ಆ ತಾಯಿ ಥಾಣೆಯ ನನ್ನ ವಕೀಲಿ ಆಫೀಸಿಗೆ ಬಂದರು. ಜೊತೆಗೆ ಮಗ ಇದ್ದ. ಊರು ವಿಜಯಪುರದ ಕಡೆ, ಡೊಂಬಿವಲಿಗೆ ಬಂದು ಇಪ್ಪತ್ತು ವರ್ಷದ ಮೇಲಾಗಿದೆ. ಮಗಳಿಗೆ 22 ವರ್ಷ. ಘಾಟ್ಕೋಪರ್‌ನ ಒಂದು ಆಫೀಸಿನಲ್ಲಿ ಲೆಕ್ಕಪತ್ರದ ಕೆಲಸ. ಒಂದು ಸೋಮವಾರ ಬೆಳಿಗ್ಗೆ ಡಬ್ಬಿ ತಗೊಂಡು ಹೊರಟವಳು ಆಫೀಸಿಗೆ ಹೋಗಲಿಲ್ಲ, ರಾತ್ರಿ ಮನೆಗೂ ಬರಲಿಲ್ಲ.

ತಾಯಿ ಬ್ಯಾಗಿನಿಂದ ಫೋನ್ ತೆಗೆದು ನನ್ನ ಮೇಜಿನ ಮೇಲಿಟ್ಟರು. ಆಫ್ ಆಗಿತ್ತು. ಮಗ ತನ್ನ ಫೋನಿನಲ್ಲಿ ಸ್ಕ್ರೀನ್‌ಶಾಟ್‌ಗಳನ್ನು ತೋರಿಸಿದ. ಯಾರ್‍ಯಾರೋ ಬರೆದದ್ದು. ಹುಡುಗಿಯ ಫೋಟೋಗೆ ಕೆಂಪು ಗೆರೆ ಎಳೆದು, ಕುತ್ತಿಗೆಯ ಸರ ಯಾರು ಕೊಡಿಸಿದ್ದು ಅಂತ ಚರ್ಚೆ. ಎರಡು ವರ್ಷದ ಹಿಂದಿನ ಲೋಣಾವಳಾ ಪಿಕ್ನಿಕ್ ಫೋಟೋದಲ್ಲಿ ಪಕ್ಕ ನಿಂತ ಹುಡುಗ ಯಾರು ಅಂತ ಚರ್ಚೆ. ನಾನು ಓದುತ್ತಿದ್ದಾಗ ತಾಯಿ ಒಂದೇ ಮಾತು ಹೇಳಿದರು. "ಅಕ್ಕಾರ, ಇದ್ರಾಗ ನನ್ ಮಗಳು ಎಲ್ಲಿ ಅದಾಳ ಅಂತ ಒಬ್ಬರೂ ಬರದಿಲ್ರಿ. ಎಂಥಾಕಿ ಅಂತ ಅಷ್ಟ ಬರದಾರ."

ಈ ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಕಾಣೆಯಾದವರ ಸುದ್ದಿ ಈಗ ನಮ್ಮ ಮುಂಬಯಿ ಕನ್ನಡಿಗರ ಗ್ರೂಪುಗಳಲ್ಲೂ ದಿನಾ ಬರುತ್ತದೆ. ಹಂಚುವವರಲ್ಲಿ ಹೆಚ್ಚಿನವರದ್ದು ಒಳ್ಳೆಯ ಮನಸ್ಸೇ. ಆದರೆ ಹುಡುಕಾಟ ಹೇಗೆ ನಡೆಯುತ್ತದೆ ಅಂತ ಗೊತ್ತಿಲ್ಲದೆ ಕೈ ಹಾಕಿದರೆ ಏನಾಗುತ್ತದೆ ಅನ್ನುವುದನ್ನು ಈ ಮನೆಯಲ್ಲಿ ಹತ್ತಿರದಿಂದ ನೋಡಿದೆ.

ಮೊದಲು ಆ 27 ನಿಮಿಷದ ಕಥೆ ಹೇಳಬೇಕು. ಸೊಸೈಟಿ ಗೇಟಿನ ಕ್ಯಾಮೆರಾದಲ್ಲಿ ಹುಡುಗಿ 8.12ಕ್ಕೆ ಹೊರಗೆ ಹೋದದ್ದು ಕಾಣುತ್ತದೆ. ಸ್ಟೇಷನ್ ರಸ್ತೆಯ ಒಂದು ಅಂಗಡಿಯ ಕ್ಯಾಮೆರಾದಲ್ಲಿ 8.51ಕ್ಕೆ ಹಾದುಹೋಗುತ್ತಾಳೆ. ನಡೆದರೆ ಸುಮಾರು ಹನ್ನೆರಡು ನಿಮಿಷದ ದಾರಿ, ಕ್ಯಾಮೆರಾ ಲೆಕ್ಕದಲ್ಲಿ ಹಿಡಿದದ್ದು 39 ನಿಮಿಷ. ಈ ಎರಡು ವಿಡಿಯೋ ಯಾರ ಕೈಯಿಂದಲೋ ಹೊರಗೆ ಬಂದವು. "ನಡುವಿನ 27 ನಿಮಿಷ ಅವಳು ಎಲ್ಲಿದ್ದಳು?" ಅಂತ ಶುರುವಾಯಿತು. ಗೇಟಿನ ಹೊರಗೆ ಒಂದು ರಿಕ್ಷಾ ನಿಂತಿತ್ತು, ನಂಬರ್ ಓದಲು ಬರುತ್ತಿತ್ತು. ಅಷ್ಟು ಸಾಕಾಯಿತು. ಮರುದಿನ ಸಂಜೆಯೊಳಗೆ ಚಾಲಕನ ಹೆಸರು, ಮನೆ, ಮಕ್ಕಳ ಶಾಲೆ ಎಲ್ಲ ಬಯಲಾಗಿತ್ತು. ಯಾರೋ ಹೋಗಿ ಅವನ ರಿಕ್ಷಾದ ಹುಡ್ ಹರಿದುಹಾಕಿದರು. ಮಕ್ಕಳನ್ನು ನಾಲ್ಕು ದಿನ ಶಾಲೆಗೆ ಕಳಿಸಲಿಲ್ಲ.

ನಾನು ಹುಡುಗಿಯ ಅಣ್ಣನ ಜೊತೆ ಆ ಅಂಗಡಿಗೆ ಹೋದೆ. ಮಾನಿಟರ್ ಪಕ್ಕ ನನ್ನ ಫೋನ್ ಹಿಡಿದೆ. ಫೋನಿನಲ್ಲಿ 4.10. ಮಾನಿಟರ್‌ನಲ್ಲಿ 4.36. ಅಂಗಡಿಯ ಡಿವಿಆರ್ (ಕ್ಯಾಮೆರಾದ ದೃಶ್ಯ ರೆಕಾರ್ಡ್ ಮಾಡುವ ಪೆಟ್ಟಿಗೆ) ಗಡಿಯಾರ 26 ನಿಮಿಷ ಮುಂದಿತ್ತು. ಅಂದರೆ ಹುಡುಗಿ ನಿಜವಾಗಿ ಅಲ್ಲಿ ಹಾದುಹೋದದ್ದು 8.25ಕ್ಕೆ. ಗೇಟಿನಿಂದ 13 ನಿಮಿಷ. ಸುಮ್ನೆ ನಡೆದುಕೊಂಡು ಹೋಗಿದ್ದಾಳೆ, ಅಷ್ಟೇ.

ಇದನ್ನು ನಾನೇನೂ ಕಂಡುಹಿಡಿಯಲಿಲ್ಲ. ತನಿಖೆಯ ಹವಾಲ್ದಾರರು ಮೂರನೇ ದಿನವೇ ಪಂಚನಾಮೆಯಲ್ಲಿ ಬರೆದುಕೊಂಡಿದ್ದರು. ಕ್ಯಾಮೆರಾ ಫುಟೇಜ್ ವಶಕ್ಕೆ ತೆಗೆದುಕೊಳ್ಳುವಾಗ ಡಿವಿಆರ್ ಸಮಯಕ್ಕೂ ನಿಜವಾದ ಸಮಯಕ್ಕೂ ಎಷ್ಟು ವ್ಯತ್ಯಾಸ ಇದೆ ಅಂತ ನೋಡುವುದು ಅವರಿಗೆ ರೂಢಿ. ಅಂಗಡಿ ಕ್ಯಾಮೆರಾಗಳ ಗಡಿಯಾರ ಸರಿ ಇರುವುದೇ ಅಪರೂಪ. ಹವಾಲ್ದಾರರು ಅದನ್ನು ಊರಿಗೆಲ್ಲ ಹೇಳಲಿಲ್ಲ. ಹೇಳುವುದು ಅವರ ಕೆಲಸವೂ ಅಲ್ಲ. ಪೊಲೀಸರು ಮಾತಾಡುತ್ತಿಲ್ಲ ಅಂದರೆ ಏನೂ ಮಾಡುತ್ತಿಲ್ಲ ಅಂತ ಅರ್ಥ ಮಾಡಿಕೊಳ್ಳುತ್ತೇವೆ. ಎಷ್ಟೋ ಸಲ ಅದು ನಿಜವೂ ಹೌದು, ಕುಟುಂಬದವರ ಜೊತೆ ಎಷ್ಟೋ ಠಾಣೆಗಳ ಬೆಂಚಿನ ಮೇಲೆ ನಾನೂ ಕೂತಿದ್ದೇನೆ. ಆದರೆ ಎಲ್ಲ ಸಲ ಅಲ್ಲ.

ಎರಡನೆಯದು ಡಬಲ್ ಟಿಕ್. ಕಾಣೆಯಾದ ರಾತ್ರಿ 11.40ಕ್ಕೆ ಅವಳ ವಾಟ್ಸಾಪ್‌ಗೆ ಗೆಳತಿ ಕಳಿಸಿದ್ದ ಮೆಸೇಜುಗಳಿಗೆಲ್ಲ ಎರಡೆರಡು ಟಿಕ್ ಬಿದ್ದವು. "ಫೋನ್ ಆನ್ ಆಗಿದೆ, ಯಾರೋ ಬಳಸುತ್ತಿದ್ದಾರೆ" ಅಂತ ಗುಲ್ಲೆದ್ದಿತು. ಆಗಿದ್ದಿಷ್ಟು: ಅಣ್ಣ ಆ ಹೊತ್ತಿಗೆ ಅವಳ ಲ್ಯಾಪ್‌ಟಾಪ್ ತೆರೆದಿದ್ದ, ಏನಾದರೂ ಸುಳಿವು ಸಿಗುತ್ತದಾ ಅಂತ. ಅದರಲ್ಲಿ ವಾಟ್ಸಾಪ್ ಲಿಂಕ್ ಆಗಿತ್ತು. ಮೆಸೇಜ್ ಫೋನಿಗೆ ಹೋದರೂ ಎರಡು ಟಿಕ್, ಲಿಂಕ್ ಆದ ಕಂಪ್ಯೂಟರಿಗೆ ಹೋದರೂ ಎರಡೇ ಟಿಕ್. "ಕೊನೆಯ ಲೊಕೇಶನ್" ಅನ್ನುವುದೂ ಹೀಗೇ. ಕಾಲ್ ರೆಕಾರ್ಡಿನಲ್ಲಿ ಪೊಲೀಸರಿಗೆ ಸಿಗುವುದು ಟವರ್. ಫೋನ್ ಆ ಟವರಿನ ವ್ಯಾಪ್ತಿಯಲ್ಲಿ ಎಲ್ಲೋ ಇತ್ತು ಅಂತ ಗೊತ್ತಾಗುತ್ತದೆಯೇ ಹೊರತು ಯಾವ ಬಿಲ್ಡಿಂಗ್ ಅಂತಲ್ಲ. ಖಾಡಿಯ (ಸಮುದ್ರದ ಹಿನ್ನೀರಿನ) ಪಕ್ಕದ ಮನೆಯಲ್ಲಿ ಕೂತ ಫೋನ್ ಆ ದಡದ ಟವರ್ ಹಿಡಿಯಬಹುದು. ಹತ್ತಿರದ್ದನ್ನೇ ಹಿಡಿಯಬೇಕು ಅಂತ ಏನಿಲ್ಲ.

ಇನ್ನು ಕಾನೂನಿನ ಕೆಲವು ಮಾತು. ಕಾಣೆಯಾಗಿ 24 ಗಂಟೆ ಆದ ಮೇಲೇ ದೂರು ಅಂತ ಯಾವ ಕಾನೂನಿನಲ್ಲೂ ಇಲ್ಲ. ಆ ಕ್ಷಣವೇ ಹೋಗಿ. 112ಕ್ಕೆ ಫೋನ್ ಮಾಡಿ. 18 ತುಂಬದವರಾದರೆ ಅಪಹರಣ ಅಂತಲೇ ಎಫ್‌ಐಆರ್ ಆಗಬೇಕು, 2013ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ದೊಡ್ಡವರಾದರೆ ಮೊದಲು 'ಮಿಸ್ಸಿಂಗ್' ದಾಖಲಾಗುತ್ತದೆ. ಅಪರಾಧದ ಸುಳಿವಿದ್ದರೆ ಎಫ್‌ಐಆರ್ ಮಾಡಲೇಬೇಕು. ಇದು ನಮ್ಮ ಹದ್ದಿಗೆ ಬರಲ್ಲ ಅಂತ ಠಾಣೆಯವರು ಕಳಿಸುವ ಹಾಗೂ ಇಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲೇ, ಘಟನೆ ಯಾವ ಠಾಣೆಯ ಹದ್ದಿನಲ್ಲೇ ಆಗಿರಲಿ ದಾಖಲಿಸಬೇಕಾದ ಝೀರೋ ಎಫ್‌ಐಆರ್ ಸೇರಿದೆ. ಯಾರೋ ಕೂಡಿಹಾಕಿದ್ದಾರೆ ಅಂತ ಬಲವಾದ ಕಾರಣ ಇದ್ದರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ (ಆ ವ್ಯಕ್ತಿಯನ್ನು ಕೋರ್ಟಿಗೆ ಹಾಜರುಪಡಿಸಿ ಅನ್ನುವ ಅರ್ಜಿ) ಹಾಕಬಹುದು. ಹಂಚುವ ಕೈಗಳು ಮನೆಯವರಿಗೆ ಇಷ್ಟು ತಿಳಿಸಿಕೊಟ್ಟರೂ ಎಷ್ಟೋ ಉಪಕಾರ.

ಹೊರಗಿನವರ ಸಹಾಯ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. 2021ರಲ್ಲಿ ಅಮೆರಿಕದಲ್ಲಿ ಗೆಳೆಯನ ಜೊತೆ ವ್ಯಾನಿನಲ್ಲಿ ಪ್ರವಾಸ ಹೊರಟ 22 ವರ್ಷದ ಹುಡುಗಿ ಕಾಣೆಯಾದಳು. ಇಡೀ ದೇಶ ಪತ್ತೇದಾರಿಗೆ ಇಳಿಯಿತು. ನಿಜವಾಗಿ ಉಪಯೋಗಕ್ಕೆ ಬಂದದ್ದು ಏನು ಗೊತ್ತಾ? ಅದೇ ದಾರಿಯಲ್ಲಿ ಪ್ರವಾಸ ಮಾಡುತ್ತಿದ್ದ ಒಂದು ಕುಟುಂಬ ತಮ್ಮದೇ ಹಳೆಯ ವಿಡಿಯೋ ತಿರುಗಿಸಿ ನೋಡಿತು. ಆಗಸ್ಟ್ 27ರಂದು ವಯೋಮಿಂಗ್‌ನ ಕಾಡಿನಲ್ಲಿ ಆ ಬಿಳಿ ವ್ಯಾನ್ ನಿಂತಿದ್ದು ಅದರಲ್ಲಿತ್ತು. ಎಫ್‌ಬಿಐಗೆ ಕೊಟ್ಟರು. ಸೆಪ್ಟೆಂಬರ್ 19ರಂದು ಆ ಪ್ರದೇಶದಲ್ಲೇ ಹುಡುಗಿಯ ಶವ ಸಿಕ್ಕಿತು. ಆ ಕುಟುಂಬದವರು ಯಾವ ಊಹೆಯನ್ನೂ ಕೊಡಲಿಲ್ಲ. ತಮ್ಮ ಕಣ್ಣಿಗೆ, ತಮ್ಮ ಕ್ಯಾಮೆರಾಗೆ ಬಿದ್ದದ್ದನ್ನು ಕೊಟ್ಟರು.

ಅದೇ ಅಮೆರಿಕದ 2013ರ ಕಥೆ ಬೇರೆ. ಏಪ್ರಿಲ್ 15ರಂದು ಬಾಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬ್ ಸಿಡಿಯಿತು. ರೆಡಿಟ್ ಅನ್ನುವ ಇಂಟರ್ನೆಟ್ ಚರ್ಚಾ ತಾಣದಲ್ಲಿ ಕೂತು ಫೋಟೋ ಹೋಲಿಸಿದವರು ಭಾರತೀಯ ಮೂಲದ ಒಬ್ಬ ವಿದ್ಯಾರ್ಥಿಯತ್ತ ಬೆರಳು ತೋರಿಸಿದರು. ಆ ಹುಡುಗ ಮಾರ್ಚ್‌ನಿಂದಲೇ ಕಾಣೆಯಾಗಿದ್ದ. ಮನೆಯವರು ಅವನನ್ನು ಹುಡುಕಲು ಫೇಸ್‌ಬುಕ್‌ನಲ್ಲಿ ಒಂದು ಪುಟ ಮಾಡಿದ್ದರು. ಅದಕ್ಕೆ ಎಷ್ಟು ಬೈಗುಳ ಬಂತೆಂದರೆ ಪುಟವನ್ನೇ ತೆಗೆಯಬೇಕಾಯಿತು. ಏಪ್ರಿಲ್ 23ರಂದು ಪ್ರಾವಿಡೆನ್ಸ್ ನಗರದ ನದಿಯೊಂದರಲ್ಲಿ ಹುಡುಗನ ಶವ ಸಿಕ್ಕಿತು. ಬಾಂಬಿಗೂ ಅವನಿಗೂ ಸಂಬಂಧವೇ ಇರಲಿಲ್ಲ. ಕಾಣೆಯಾದ ಮಗನಿಗಾಗಿ ತೆರೆದಿಟ್ಟ ಬಾಗಿಲನ್ನು ಆ ಮನೆಯವರೇ ಮುಚ್ಚುವ ಹಾಗಾಯಿತು. ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಡುವುದು ಇದು.

ಯಾಕೆಂದರೆ ಅಂಥ ಒಂದು ಬಾಗಿಲು ವರ್ಷಗಟ್ಟಲೆ ತೆರೆದಿದ್ದರೆ ಏನಾಗುತ್ತದೆ ಅನ್ನುವುದನ್ನು ನಮ್ಮ ಮುಂಬಯಿಯೇ ಕಂಡಿದೆ. ಅಂಧೇರಿಯ ಡಿ.ಎನ್. ನಗರ ಠಾಣೆಯಲ್ಲಿ ರಾಜೇಂದ್ರ ಭೋಸಲೆ ಅಂತ ಒಬ್ಬ ಅಧಿಕಾರಿ ಇದ್ದರು. 2008ರಿಂದ 2015ರವರೆಗೆ ಕಾಣೆಯಾದ 166 ಹುಡುಗಿಯರ ಪ್ರಕರಣ ಅವರ ಬಳಿ ಇತ್ತು. 165 ಮಂದಿ ಪತ್ತೆಯಾದರು. ಒಬ್ಬಳು ಉಳಿದಳು. 2013ರ ಜನವರಿಯಲ್ಲಿ ಶಾಲೆಗೆ ಹೋದ ಏಳು ವರ್ಷದ ಮಗು. ಭೋಸಲೆಯವರು ನಿವೃತ್ತರಾದ ಮೇಲೂ ಅವಳ ಫೋಟೋ ಇಟ್ಟುಕೊಂಡು ಹುಡುಕುತ್ತಲೇ ಇದ್ದರು. 2022ರ ಆಗಸ್ಟ್‌ನಲ್ಲಿ, ಒಂಬತ್ತು ವರ್ಷದ ಮೇಲೆ ಅವಳು ಸಿಕ್ಕಿದಳು. ತನ್ನ ಮನೆಯಿಂದ ತುಂಬಾ ದೂರವೇನೂ ಇರಲಿಲ್ಲ. ಅವಳು ಕೆಲಸಕ್ಕಿದ್ದ ಮನೆಗೆ ಬರುತ್ತಿದ್ದ ಇನ್ನೊಬ್ಬ ಕೆಲಸದಾಕೆ ಅವಳ ಕಥೆ ಕೇಳಿ ಇಂಟರ್ನೆಟ್‌ನಲ್ಲಿ ಹುಡುಕಿದರು. 2013ರ 'ಕಾಣೆಯಾಗಿದ್ದಾಳೆ' ಪೋಸ್ಟರ್ ಸಿಕ್ಕಿತು. ಅದರಲ್ಲಿ ಐದು ಫೋನ್ ನಂಬರ್ ಇದ್ದವು. ನಾಲ್ಕು ಕೆಲಸ ಮಾಡುತ್ತಿರಲಿಲ್ಲ. ಒಂದು ಹತ್ತಿತು. ಅದು ಅವಳ ಮನೆಯ ಹತ್ತಿರದವರೊಬ್ಬರ ನಂಬರ್.

ಈಗ ಮತ್ತೆ ಡೊಂಬಿವಲಿಯ ಮನೆಗೆ ಬರೋಣ. ತಾಯಿಯ ನಂಬರನ್ನು ಯಾರೋ ಫೋಟೋದ ಜೊತೆ ಹಾಕಿದ್ದರು. ನಾಲ್ಕನೇ ದಿನದಿಂದ ರಾತ್ರಿ ಹಗಲು ಫೋನ್. "ನಿಮ್ಮ ಮಗಳು ನಮ್ಮ ಹತ್ತಿರ ಇದ್ದಾಳೆ, ಹತ್ತು ಸಾವಿರ ಕಳಿಸಿ" ಅಂತ ಮೂರು ಮಂದಿ. ತಾಯಿ ಒಬ್ಬನಿಗೆ ಕಳಿಸಿಯೂ ಬಿಟ್ಟಿದ್ದರು. ನಡುರಾತ್ರಿ ಎಬ್ಬಿಸಿ, ಮಗಳನ್ನು ಹೇಗೆ ಬೆಳೆಸಿದಿರಿ ಅಂತ ಕೇಳಿದವರು ಎಷ್ಟೋ. ಆರನೇ ದಿನ ಅಣ್ಣ ಫೋನ್ ಆಫ್ ಮಾಡಿಟ್ಟ. ಅಮ್ಮ ಮಲಗಲಿ ಅಂತ. ಅವನನ್ನು ನಾನು ದೂರುವುದಿಲ್ಲ.

ಹತ್ತೊಂಬತ್ತನೇ ದಿನ ಹುಡುಗಿ ಪತ್ತೆಯಾದಳು. ಪುಣೆಯ ಒಂದು ಲೇಡೀಸ್ ಹಾಸ್ಟೆಲ್‌ನಲ್ಲಿದ್ದಳು. ಮದುವೆ ನಿಶ್ಚಯ ಆಗಿತ್ತು, ಅವಳಿಗೆ ಇಷ್ಟ ಇರಲಿಲ್ಲ, ಹೇಳುವ ಧೈರ್ಯ ಬರಲಿಲ್ಲ. ತನ್ನ ಫೋನನ್ನು ಕಲ್ಯಾಣದಲ್ಲೇ ಆಫ್ ಮಾಡಿದ್ದಳು. ಕೊನೆಗೆ ಕಾಲೇಜಿನ ಗೆಳತಿಯೊಬ್ಬಳನ್ನು ಸಂಪರ್ಕಿಸಿದಳು. ಆ ಗೆಳತಿ ಯಾವ ಗ್ರೂಪಿಗೂ ಹಾಕದೆ ನೇರ ಠಾಣೆಗೆ ಹೋಗಿ ಹೇಳಿದಳು. ಪೊಲೀಸರು ಹೇಳಿಕೆ ತೆಗೆದುಕೊಂಡರು. ವಯಸ್ಕಳು, ಸ್ವಂತ ಇಚ್ಛೆಯಿಂದ ಬಂದಿದ್ದೇನೆ ಅಂದ ಮೇಲೆ ಎಳೆದು ತರುವ ಹಾಗಿಲ್ಲ. ವಯಸ್ಕ ಹೆಣ್ಣಿನ ಆಯ್ಕೆ ಅವಳದ್ದು ಅಂತ 2018ರಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಖಡಾಖಂಡಿತವಾಗಿ ಹೇಳಿದೆ. ವಿಳಾಸ ಮನೆಯವರಿಗೆ ಕೊಡಬೇಡಿ ಅಂದರೆ ಪೊಲೀಸರು ಕೊಡುವಂತಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಹೊಡೆಯುವ ಗಂಡನಿಂದ, ಕೊಲ್ಲುತ್ತೇನೆ ಅನ್ನುವ ಅಣ್ಣಂದಿರಿಂದ ತಪ್ಪಿಸಿಕೊಂಡು ಬಂದವರೂ 'ಕಾಣೆಯಾದವರ' ಪಟ್ಟಿಯಲ್ಲಿ ಇರುತ್ತಾರೆ. "ಈಕೆಯನ್ನು ಪುಣೆಯ ಇಂಥ ಕಡೆ ನೋಡಿದೆ" ಅಂತ ಎಲ್ಲರ ಮುಂದೆ ಬರೆದರೆ ಅದನ್ನು ಯಾರು ಓದುತ್ತಾರೆ, ಹೇಳಿ?

ಹಾಗಾಗಿ ನೋಡಿದ್ದನ್ನು ಠಾಣೆಗೆ ಹೇಳಿ. ದಿನ, ಹೊತ್ತು, ಜಾಗ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ವಿಡಿಯೋ ಇದ್ದರೆ ಮೂಲ ಫೈಲ್ ಅಳಿಸಬೇಡಿ. ವಾಟ್ಸಾಪ್‌ನಲ್ಲಿ ನಾಲ್ಕು ಕೈ ದಾಟಿದ ಪ್ರತಿ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಪ್ರಮಾಣಪತ್ರ ಬೇಕು, ಅದಕ್ಕೆ ಮೂಲ ಬೇಕು. ಅಂಗಡಿಯವರು ನಿಮ್ಮ ಪರಿಚಯದವರಾದರೆ ಫುಟೇಜ್ ಉಳಿಸಿಡಿ ಅಂತ ಹೇಳಿ, ಕೆಲವೇ ವಾರದಲ್ಲಿ ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗಿಬಿಡುತ್ತದೆ. ಶಂಕಿತರ ಫೋಟೋ ಮಾತ್ರ ಹಂಚಬೇಡಿ. ನಾಳೆ ಗುರುತಿಸುವ ಪರೇಡ್ (ಹಲವರ ನಡುವೆ ನಿಲ್ಲಿಸಿದ ಶಂಕಿತನನ್ನು ಸಾಕ್ಷಿ ಗುರುತಿಸುವುದು) ಆದರೆ, ಸಾಕ್ಷಿ ಮೊದಲೇ ಫೋನಿನಲ್ಲಿ ನೋಡಿದ್ದಾರೆ ಅಂತ ಎದುರು ವಕೀಲರು ಎದ್ದು ನಿಲ್ಲುತ್ತಾರೆ. ನಾನೇ ಹಾಗೆ ಎದ್ದು ನಿಂತು ಕಕ್ಷಿದಾರರನ್ನು ಬಿಡಿಸಿದ್ದೇನೆ. ಪ್ರಕರಣದಲ್ಲಿ ಅತ್ಯಾಚಾರದ ಆರೋಪ ಬಂದರೆ ಹುಡುಗಿಯ ಹೆಸರು, ಫೋಟೋ ಇಟ್ಟುಕೊಂಡ ಪ್ರತಿ ಪೋಸ್ಟೂ ಅಪರಾಧ ಆಗಬಹುದು, ಎರಡು ವರ್ಷದವರೆಗೆ ಶಿಕ್ಷೆ. ಆಕೆ ತೀರಿಕೊಂಡಿದ್ದರೂ ಹೆಸರು ಹೇಳುವಂತಿಲ್ಲ ಅಂತ 2018ರ ತೀರ್ಪಿದೆ.

ಹುಡುಗಿ ಮನೆಗೆ ಬರಲು ಒಪ್ಪಲಿಲ್ಲ, ಅಮ್ಮನನ್ನು ನೋಡಲು ಒಪ್ಪಿದಳು. ಥಾಣೆಯ ನನ್ನ ಆಫೀಸಿನಲ್ಲೇ ಭೇಟಿಯಾಯಿತು. ಬಂದು ಕೂತವಳು ಮೊದಲು ಕೇಳಿದ್ದು, "ಅವ್ವಾ, ಫೋನ್ ಯಾಕ ಬಂದ್ ಮಾಡಿದ್ದಿ?" ಎಂಟನೇ ದಿನದಿಂದ ಹಾಸ್ಟೆಲ್ಲಿನ ಬೇರೆ ಬೇರೆ ಹುಡುಗಿಯರ ಫೋನ್ ಇಸಕೊಂಡು ದಿನಾ ಹಚ್ಚಿದ್ದಳು. ಅವಳಿಗೆ ಬಾಯಿಪಾಠ ಇದ್ದದ್ದು ಅದೊಂದೇ ನಂಬರ್. ಸ್ವಿಚ್ ಆಫ್, ಸ್ವಿಚ್ ಆಫ್. ಅವ್ವ ಸಿಟ್ಟಿನಿಂದ ನನ್ನನ್ನು ಬಿಟ್ಟೇಬಿಟ್ಟಳು ಅಂದುಕೊಂಡಿದ್ದಳು.

ತಾಯಿ ಉತ್ತರ ಕೊಡಲಿಲ್ಲ. ಬ್ಯಾಗಿನಿಂದ ಫೋನ್ ತೆಗೆದು ಆನ್ ಮಾಡಿದರು. ಮೆಸೇಜುಗಳು ಒಂದರ ಮೇಲೊಂದು ಬೀಳತೊಡಗಿದವು, ನಾಲ್ಕೈದು ನಿಮಿಷ ಫೋನ್ ಸುಮ್ಮನಾಗಲೇ ಇಲ್ಲ. ತಾಯಿ ಮಗಳು ಇಬ್ಬರೂ ಅದನ್ನು ನೋಡುತ್ತಾ ಕೂತಿದ್ದರು.